ಡಬ್ಬಿ ಮ್ಯಾಲೆ ಬರೆಯದ್ದು

ಜಂತಿನ ಗುಳಿಗಿ ಯಾರಿಗೆ, ಅಂತ ಕೇಳಿದೆ.
ಮಕ್ಕಳಿಗಲ್ರಿ, ಅಂದಳು ಜಗದೇವಿ.
ಗಂಜಿನ ದಾಲ್ ಮಿಲ್ಲಿನ ಹೊಟ್ಟು
ಇನ್ನೂ ಆಕಿ ಹುಬ್ಬಿನ ಮ್ಯಾಲಿತ್ತು.
ನಮ್ಮನಿಯವರ ತಲಿಗೆ.

ಇಪ್ಪತ್ತೆರಡು ವರ್ಷ ಈ ಕೌಂಟರಿನ ಹಿಂದ ನಿಂತೀನಿ,
ಸೇಡಂ ರಸ್ತೆಯ ಧೂಳು ಒರೆಸಿ ಒರೆಸಿ
ಗಾಜು ಮಬ್ಬಾಗ್ಯದ.
ಕೆಮ್ಮಿಗೆ ಯಾವುದು, ಜ್ವರಕ್ಕ ಯಾವುದು,
ಕರೆಂಟ್ ಹೋದರೂ ಕೈ ತಾನೇ ಹೋಗ್ತದ.
ತಲಿಗೆ ಅಂತ ಜಂತಿನ ಗುಳಿಗಿ
ಯಾವ ಕಪಾಟಿನಾಗೂ ಇಟ್ಟಿಲ್ಲ ನಾನು.

ಆಕಿ ಕೈಯಾಗ ಒಂದು ನೋಟ್‌ಬುಕ್ಕು,
ಮಗಳು ಭಾಗ್ಯವಂತಿಯ ಒಂಬತ್ತನೇ ಇಯತ್ತೆಯದು.
ಕಪ್ಪೆಯ ಚಿತ್ರ ಮುಗಿದಲ್ಲಿಂದ
ಅಪ್ಪನ ತಲಿ ಶುರು.
ಸಕ್ರಿ ಬ್ಯಾನಿಯ ಗುಳಿಗಿ. ಮಲೇರಿಯಾದ್ದು. ಜಂತಿಂದು.
ಪ್ರತಿಯೊಂದರ ಮುಂದ ಒಂದು ಪ್ರಶ್ನೆಯ ಗುರುತು,
ಗಾಳದ ಹಂಗ ಬಾಗಿ,
ಹುಳ ಇಲ್ಲದ್ದು.

ಸೋಲಾಪುರದಾಗ ಬುರುಡಿ ತೆರೆದು ನೋಡಿದ್ದರು.
ಹರಳು ಇದ್ದರ ಆರಿಸಬಹುದಿತ್ತಮ್ಮ,
ಇದು ಬ್ಯಾಳಿಗೇ ಹತ್ತಿದ ಬಣ್ಣ, ಅಂದರಂತ.
ಹದಿನಾರು ವರ್ಷ ತೊಗರಿ ಹಸನ ಮಾಡಿದಾಕಿಗೆ
ಇನ್ನ ಬಿಡಿಸಿ ಹೇಳೋದೇನು.
ಕಿರಣ ಕೊಟ್ಟಾತು. ತಿಂಗಳಿಗೆ ಐದು ದಿನದ ಕ್ಯಾಪ್ಸೂಲೂ ಆತು.
ಫೋಟೋದಾಗ ನೆರಳು ಮತ್ತ ಬಂತು.

ಈಗ ಮನಿಗೆ ಬಂದವರೆಲ್ಲ ವೈದ್ಯರು.
ಚಿಂಚೋಳಿ ಅಡವಿಯಿಂದ ಒಬ್ಬ ತೊಗಟಿ ತಂದ,
ಮುಂಗಡ ಆರು ಸಾವಿರ,
ತೊಗಟಿ ಉಳದದ, ಅವ ಇಲ್ಲ.
ಗಡ್ಡಿ ಸಕ್ರಿ ತಿಂದು ಬೆಳಿತದ, ಅಂದ ಮೈದುನ,
ರೊಟ್ಟಿ ಬಂದ್ ಮಾಡ್ರಿ.
ಹದಿನೇಳು ದಿನ ಬರೀ ತತ್ತಿ, ತುಪ್ಪ.
ಹದಿನೆಂಟನೇ ದಿನ ಅಂಬಾರಾಯ
ಬಾಜೂ ಮನಿಯ ಒಲಿ ಮುಂದ ಕುಂತಿದ್ದ,
ಬಿಸಿ ಜ್ವಾಳದ ರೊಟ್ಟಿ ಎದಿಗೆ ಅವಚಿಕೊಂಡು.
ಹೇಳುವಾಗ ನಕ್ಕಳು. ನಾನೂ ನಕ್ಕೆ.
ಹಿಂದಿನ ಗಿರಾಕಿ ಚಿಲ್ಲರೆ ಎಣಿಸ್ಕೋತ ನಿಂತ.

ಚೀಟಿ ಇಲ್ಲದ ಕೊಡಂಗಿಲ್ಲವ್ವ, ಅಂದೆ.
ತೊಗರಿ ಚೀಲದಾಗ ಕೈ ಹಾಕಿ, ಸ್ಕ್ಯಾನುಗಳ ನಡುವಿನಿಂದ
ಚೀಟಿ ತೆಗೆದಳು.
ಬರೆಯೋಕಿಂತ ಮೊದಲು ಡಾಕ್ಟರು
ಒಂದು ತಾಸು ಕೂಡಿಸಿ ಹೇಳ್ಯಾರಂತ:
ಇಲಿಗಳ ಮ್ಯಾಲೆ ನೋಡ್ಯಾರ, ಮನುಷ್ಯರಿಗೆ ಗೊತ್ತಿಲ್ಲ,
ಲಿವರ್ ಕೆಡಬಹುದು, ಎರಡು ವಾರಕ್ಕೊಮ್ಮೆ ರಕ್ತ ಕೊಡಬೇಕು.
ಆಸೆ ಬರೆದುಕೊಡಾಕ ಬರಂಗಿಲ್ಲಮ್ಮ,
ಗುಳಿಗಿ ಬರೆದೀನಿ.

ಡಬ್ಬಿ ಹೊಳ್ಳಿಸಿ ಹೊಳ್ಳಿಸಿ ನೋಡಿದಳು.
ಇದರ ಮ್ಯಾಲೆ ತಲಿ ಅಂತ ಎಲ್ಲೂ ಇಲ್ಲಲ್ರಿ?
ಇಲ್ಲ, ಅಂದೆ.

ಅಷ್ಟರಾಗ ಆಟೋದಿಂದ ಆತ ಕೂಗಿದ,
ಬಾಗಿಲು ತಾ! ಬಾಗಿಲು!
ಜಗದೇವಿ ನೀರಿನ ಬಾಟಲಿ ಒಯ್ದು ಕೊಟ್ಟಳು.
ಕುಡಿದ.
ಐದು ತಿಂಗಳಾತು, ಹಿಂಗೇ.
ನೀರಿಗೆ ಬಾಗಿಲು, ಚಾದರಕ್ಕ ಟಿಕೆಟ್ಟು,
ತಲಿಬ್ಯಾನಿಗೆ ಸೋಮವಾರ.
ಬಸ್ ಕಂಡಕ್ಟರ್ ಆಗಿದ್ದವ,
ಮಗಳನ್ನ ದಿನಕ್ಕೊಂದು ಊರಿನ ಹೆಸರಿಲೆ ಕರೀತಾನ,
ಜೇವರ್ಗಿ, ಶಹಾಬಾದ್, ಅಫಜಲಪುರ.
ಆ ಹುಡುಗಿ ಎಲ್ಲಾ ಊರಿಗೂ ಓ ಅಂತದ.

ಮಾತು ಒಂದೂ ತನ್ನ ಡಬ್ಬಿಯಾಗಿಲ್ಲ.
ಆದರ ನೋಡಿದೆನಲ್ಲ, ನೀರಡಿಕಿ ಹೋಯಿತು.

ಇವತ್ತ ಸೋಮವಾರ ಎಷ್ಟದ? ಕೇಳಿದಳು,
ಆತನ ಹಣಿ ಮ್ಯಾಲೆ ಅಂಗೈ ಇಟ್ಟು.
ಸ್ವಲ್ಪ ಅದ, ಅಂದ.

ಓದಲು ಬಾರದವರಿಗೆ ಮನಿಯವರು ಓದಿ ಹೇಳಲಿ ಅಂತ
ಪ್ರತಿ ಲಕೋಟಿ ಮ್ಯಾಲೆ ಬರೀತೀನಿ ನಾನು,
ಕೆಮ್ಮಿಗೆ, ಜ್ವರಕ್ಕ, ಉರಿಗೆ.
ಇದರ ಮ್ಯಾಲೆ ಪೆನ್ನು ನಿಂತೇಬಿಟ್ಟಿತು.
ಜಂತಿಗೆ ಅಂತ ಬರೆದರ ಸುಳ್ಳು,
ತಲಿಗೆ ಅಂದರ ನನಗೇ ಖಾತ್ರಿ ಇಲ್ಲ.

ಸೋಮವಾರಕ್ಕ, ಅಂತ ಬರೀರಿ, ಅಂದಳು.

ಬರೆದೆ.
ಅವತ್ತು ಗುರುವಾರ.